ಎರಡನೆಯ ಈಡು

ಢಂ ಎಂದು ಕೋವಿಯ ಈಡು ಕೇಳಿದರೆ ಆ ದಿನಗಳಲ್ಲಿ ನಮ್ಮ ಕಣಿವೆಯ ಜನ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಎರಡನೆಯದಕ್ಕೆ ಕಾಯುತ್ತಿದ್ದರು. ಸದ್ದು ಗುಡ್ಡದಿಂದ ಗುಡ್ಡಕ್ಕೆ ತಾಗಿ ಕರಗುವವರೆಗೆ ಯಾರೂ ಮಾತಾಡುವಂತಿರಲಿಲ್ಲ. ಒಂದೇ ಆದರೆ ಯಾರದೋ ಮನೆಯಲ್ಲಿ ಗಂಡು ಹುಟ್ಟಿದೆ. ಬೆನ್ನಿಗೇ ಇನ್ನೊಂದು ಬಂದರೆ ಸಾವು. ಹೆಣ್ಣು ಹುಟ್ಟಿದರೆ ಕೋವಿಮದ್ದು ಖರ್ಚಾಗುತ್ತಿರಲಿಲ್ಲ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸಂಪಾಜೆಯ ನಮ್ಮ ಕಡೆ ಮನೆಗೊಂದು ಗುಡ್ಡ. ನಾನು ಮಡಿಕೇರಿಯ ಕಾನ್ವೆಂಟಿನಲ್ಲಿ ಬೋರ್ಡಿಂಗ್ ಹುಡುಗಿ, ಹನ್ನೆರಡು ವರ್ಷದವಳು. ಆ ಸಲ ಕ್ರಿಸ್‌ಮಸ್ ರಜೆ ಬಿಡುವ ಮುನ್ನ ನೀಡಲ್‌ವರ್ಕ್ ಸಿಸ್ಟರ್ ನಮ್ಮನ್ನು ಕೂರಿಸಿಕೊಂಡು, ದೊಡ್ಡವರಾಗಿ ಏನು ಕೆಲಸ ಮಾಡುತ್ತೀರಿ ಎಂದು ನಾನು ಕೇಳುವುದಿಲ್ಲ, ಎಂಥ ಹೆಂಗಸಾಗುತ್ತೀರಿ ಹೇಳಿ ಎಂದರು. ಅದನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು, ಅಂಥವಳು ಮಾಡುವಂಥದ್ದನ್ನು ದಿನಕ್ಕೊಂದಾದರೂ ಮಾಡಬೇಕು. ಅದೇ ರಜೆಯ ಹೋಮ್‌ವರ್ಕ್. ಒಬ್ಬಳು ಕೈಂಡ್ ಎಂದಳು, ಇನ್ನೊಬ್ಬಳು ಟ್ರೂತ್‌ಫುಲ್. ನಾನು ಸ್ಟೆಡಿ ಎಂದೆ. ಇಡೀ ಕ್ಲಾಸ್ ನಕ್ಕಿತು. ನಾನು ಹೊಲಿದ ಕರ್ಚೀಫುಗಳಲ್ಲಿ ಹೊಲಿಗೆಗಿಂತ ರಕ್ತದ ಚುಕ್ಕೆಗಳೇ ಜಾಸ್ತಿ. ನನ್ನ ಕೈ ಹಾಗೆ ನಡುಗುತ್ತಿತ್ತು.

ಊರಿಗೆ ಬಂದವಳೇ ಶುರು ಮಾಡಿದೆ. ತೋಡಿನ ಹಳ್ಳಕ್ಕೆ ಹಾಕಿದ ಮರದ ಪಾಲವನ್ನು, ಆಧಾರದ ಕೈತಾಂಗು ಹಿಡಿಯದೆ ದಾಟುವುದು. ಬೆಲ್ಲದ ಕಾಫಿಯನ್ನು ಲೋಟದ ತುದಿಯವರೆಗೆ ತುಂಬಿ, ಚೆಲ್ಲದೆ ಅಂಗಳ ದಾಟುವುದು. ಕಣದಲ್ಲಿ ಒಣಗುತ್ತಿದ್ದ ಕಾಫಿ ಹಣ್ಣಿನ ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು. ತುಂಬು ಬಸುರಿ ಚಿಕ್ಕಮ್ಮ ಜಗಲಿಯಲ್ಲಿ ಕೂತು ನನ್ನ ಸರ್ಕಸ್ ನೋಡಿ ನಗುತ್ತಿದ್ದಳು. ಅಪ್ಪನ ತಮ್ಮನ ಹೆಂಡತಿ ಆಕೆ, ನನಗಿಂತ ಎಂಟೊಂಬತ್ತು ವರ್ಷಕ್ಕೆ ದೊಡ್ಡವಳಷ್ಟೆ. "ನಮ್ಮ ಸ್ಟೆಡಿ ಬಂತ್, ದಾರಿ ಬಿಡಿ" ಎಂದು ಕೋಳಿಗಳಿಗೆ ಹೇಳುತ್ತಿದ್ದಳು.

ಅಪ್ಪ, ಅವ್ವ, ಚಿಕ್ಕಪ್ಪ ಸುಳ್ಯದ ಕಡೆ ಒಂದು ಮದುವೆಗೆ ಹೋಗಿದ್ದರು. ಹೆರಿಗೆಗೆ ಇನ್ನೂ ದಿನವಿದೆ ಎಂಬ ಧೈರ್ಯ. ಆಳುಗಳೆಲ್ಲ ಸಂತೆಗೆ. ಮನೆಯಲ್ಲಿ ಅಜ್ಜಿ, ಚಿಕ್ಕಮ್ಮ, ನಾನು, ಮೂವರೇ. ಬೆಳಗಿನ ಗಂಜಿ ಉಂಡು ಏಳುವಾಗಲೇ ಚಿಕ್ಕಮ್ಮ ಕಂಬ ಹಿಡಿದು ನಿಂತುಬಿಟ್ಟಳು.

ಮಧ್ಯಾಹ್ನವಾದರೂ ಹೆರಿಗೆಯಾಗಲಿಲ್ಲ. ಅಜ್ಜಿ ಒಳಕೋಣೆಯಿಂದ ಹೊರಬಂದಾಗ ಅವಳ ಮುಖ ಬೂದಿಯಂತಿತ್ತು. ಮಗುವಿನ ಕಾಲು ಮುಂದಾಗಿದೆ, ಇದು ನನ್ನ ಕೈಯಲ್ಲಿ ಆಗುವುದಲ್ಲ, ಪೊನ್ನಕ್ಕ ಬರಬೇಕು ಎಂದಳು. ಹೆರಿಗೆ ಮಾಡಿಸುವ ಪೊನ್ನಕ್ಕನ ಮನೆ ಎದುರು ಗುಡ್ಡದ ನೆತ್ತಿಯಲ್ಲಿ. ನಾನು ಓಡಿಹೋಗಿ ಕರೆತರುವಷ್ಟರಲ್ಲಿ ಸಂಜೆಯಾಗುತ್ತದೆ. ಅಂಗಳದ ತುದಿಗೆ ನಿಂತು ಗಂಟಲು ಹರಿಯುವಂತೆ ಕೂಕುಳು ಹಾಕಿದೆ. ತೋಡಿನ ನೀರಿನ ಸದ್ದು ಅದನ್ನು ನುಂಗಿತು.

ಆಗ ಕೋವಿ ನೆನಪಾಯಿತು. ಕೈಲ್ ಮುಹೂರ್ತದ ಹಬ್ಬದಲ್ಲಿ ಅಪ್ಪ ನನ್ನ ಕೈಯಲ್ಲೂ ಒಮ್ಮೆ ತೆಂಗಿನಕಾಯಿಗೆ ಈಡು ಹಾಕಿಸಿದ್ದರು. ಗೋಡೆಯ ಜೋಡುನಳಿಗೆ ಕೋವಿ ಇಳಿಸಿ, ಬಿಸ್ಕತ್ ಡಬ್ಬಿಯಿಂದ ತೋಟೆಯೊಂದನ್ನು ತೆಗೆದು ತುಂಬಿ, ಆಕಾಶಕ್ಕೆ ಹೊಡೆದೆ. ಸದ್ದು ಕೇಳಿದರೆ ಯಾರಾದರೂ ಬಂದೇ ಬರುತ್ತಾರೆ, ನನ್ನ ತಲೆಯಲ್ಲಿದ್ದುದು ಅಷ್ಟೆ.

ಸದ್ದು ಕರಗಿತು. ಕಣಿವೆ ಕಾಯಿತು. ಆಮೇಲೆ ಎದುರು ಗುಡ್ಡದಿಂದ ಉದ್ದನೆಯ, ಖುಷಿಯ ಕೂಕುಳು ಬಂತು. ಅದರ ಹಿಂದೆ ಮತ್ತೊಂದು. ಚಿಕ್ಕಮ್ಮನ ದಿನ ಹತ್ತಿರವಾದದ್ದು ಕಣಿವೆಗೆಲ್ಲ ಗೊತ್ತಿತ್ತು. ಗಂಡು ಹುಟ್ಟಿತು ಎಂದು ಅವರು ಸಂತೋಷಪಡುತ್ತಿದ್ದರು. ಇನ್ನು ಯಾರೂ ಬರುವುದಿಲ್ಲ. ಬಂದರೂ ಕೆಲಸ ಮುಗಿಸಿ, ಮಿಂದು, ನಿಧಾನವಾಗಿ.

ಒಳಗೆ ಹೋಗಿ ಅಜ್ಜಿಗೆ ಹೇಳಿದೆ. ಎರಡು ಹಾಕಲಾ ಎಂದು ಕೇಳಿದ್ದಕ್ಕೆ ಅವಳು ನನ್ನ ತೋಳು ಹಿಡಿದಳು.

"ಜೀವ ಇರ್ಕನ ಎರಡ್ ಈಡಾ? ಈ ಮನೆಲಿ ಅದ್ ಆಗ್ದು. ಕರ್ದರೆ ಸಾವ್ ಬಂದೇ ಬಾದೆ."

ಚಾಪೆಯ ಮೇಲೆ ಚಿಕ್ಕಮ್ಮ ಕಣ್ಣು ತೆರೆದಳು. ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಅಜ್ಜಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

"ಹಾಕ್ ಗೂಡೆ. ಸತ್ತ ಮೇಲೆ ಬಂದ್ ಏನ್ ಮಾಡ್ದು? ಈಗನೇ ಬರ್ಲಿ."

ಅಜ್ಜಿ ತೋಳು ಬಿಡಲಿಲ್ಲ. ನಾನೇ ಬಿಡಿಸಿಕೊಂಡೆ. ಅಜ್ಜಿಯ ಮಾತು ಮೀರಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅಂಗಳದಲ್ಲಿ ನಿಂತು ಎರಡೂ ನಳಿಗೆ ತುಂಬುವಾಗ ಕೈ ನಡುಗುತ್ತಲೇ ಇತ್ತು. ಸ್ಟೆಡಿಯಾದ ಹೆಂಗಸು ಈಗ ಏನು ಮಾಡುತ್ತಾಳೆ ಎಂದು ಕೇಳಿಕೊಳ್ಳಲು ಪುರುಸೊತ್ತಿರಲಿಲ್ಲ. ಒಂದು. ಬೆನ್ನಿಗೇ ಇನ್ನೊಂದು. ಹಿಡಿ ಭುಜಕ್ಕೆ ಒದ್ದು ನಾನು ಕೂತುಬಿಟ್ಟೆ.

ಈ ಸಲ ಯಾರೂ ಕೂಗಲಿಲ್ಲ. ಆ ನಿಶ್ಶಬ್ದ ನನಗಿನ್ನೂ ನೆನಪಿದೆ. ನಿಜಕ್ಕೂ ಸಾವನ್ನು ಕರೆದುಬಿಟ್ಟೆನೇ, ಒಳಗೆ ಚಿಕ್ಕಮ್ಮ ಈಗಲೇ ಹೋಗಿಬಿಟ್ಟಳೇ ಎಂದು ಬಾಗಿಲ ಕಡೆ ತಿರುಗಲು ಧೈರ್ಯವಿಲ್ಲದೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಗುಡ್ಡದ ದಾರಿಗಳಲ್ಲಿ ಜನ ಇಳಿಯುವುದು ಕಾಣಿಸಿತು. ಗಂಡಸರು ಸೌದೆ ಕಡಿಯಲು ಕೊಡಲಿ ಹಿಡಿದಿದ್ದರು, ಹೆಂಗಸರು ಆಗಲೇ ಬಿಳಿ ಸೀರೆ ಉಟ್ಟಿದ್ದರು. ಎಲ್ಲರಿಗಿಂತ ಮುಂದೆ, ಏದುಸಿರು ಬಿಡುತ್ತ ಪೊನ್ನಕ್ಕ. ಹೆಣ ಎಲ್ಲಿ ಎಂದು ಕೇಳುತ್ತಲೇ ಮೆಟ್ಟಿಲು ಹತ್ತಿದಳು. ಅಷ್ಟರಲ್ಲಿ ಒಳಗಿನಿಂದ ಚಿಕ್ಕಮ್ಮನ ಕಿರುಚಾಟ.

"ಹೆಣ ಬೊಬ್ಬೆ ಹಾಕ್ತುಟ್ಟಲ್ಲಾ" ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ನುಗ್ಗಿದಳು.

ಹೊತ್ತು ಮುಳುಗುವ ಮೊದಲು ಮಗು ಬಂತು, ಹೆಣ್ಣು. ಚಿಕ್ಕಮ್ಮ ಉಳಿದಳು. ಕಣಿವೆಯವರು ಆ ಕೂಸನ್ನು ದೊಡ್ಡವಳಾದ ಮೇಲೂ ಛೇಡಿಸುತ್ತಿದ್ದರು: ಒಂದು ಈಡು ನೀನು ಗಂಡು ಎಂದಿತು, ಇನ್ನೆರಡು ನಿನ್ನ ತಾಯಿ ಸತ್ತಳು ಎಂದವು, ನಿನ್ನ ವಿಷಯದಲ್ಲಿ ಎಲ್ಲ ಸುಳ್ಳೇ ಎಂದು.

ಅಜ್ಜಿ ಮಾತ್ರ ನಗಲಿಲ್ಲ. ಉಳಿದ ರಜೆಯೆಲ್ಲ ನನ್ನೊಡನೆ ಮಾತು ಬಿಟ್ಟಳು. ಬಡಿಸುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಮಾತಿಲ್ಲ. ಕೂಸಿಗೆ ಚೂರು ಕೆಮ್ಮು ಬಂದರೂ ಓಡುತ್ತಿದ್ದಳು. ರಾತ್ರಿ ಬಾಣಂತಿಯ ಉಸಿರಿಗೆ ಕಿವಿಗೊಟ್ಟು ಬಾಗಿಲಲ್ಲೇ ಕೂರುತ್ತಿದ್ದಳು.

ಮುಂದೆ ನಾನು ನರ್ಸ್ ಆದೆ, ಆಪರೇಷನ್ ಥಿಯೇಟರಿನಲ್ಲಿ ಮೂವತ್ತು ವರ್ಷ ನಿಂತೆ. ವೆರಿ ಸ್ಟೆಡಿ ಎಂದು ಸರ್ಜನ್ನರು ಹೊಗಳಿದ್ದೂ ಉಂಟು. ಈಗ ನಮ್ಮ ಕಣಿವೆಯಲ್ಲಿ ಮನೆಗಳು ಜಾಸ್ತಿ, ಹೋಮ್‌ಸ್ಟೇಗಳು ಬೇರೆ. ಆಂಬ್ಯುಲೆನ್ಸ್ ಬರುತ್ತದೆ, ಥ್ಯಾಂಕ್ ಗಾಡ್. ಆದರೆ ಪಕ್ಕದ ಮನೆಗೆ ಅದು ಯಾಕೆ ಬಂತೆಂದು ತಿಳಿಯಲು ಎರಡು ದಿನ ಬೇಕು. ಒಬ್ಬರ ಮನೆಯ ಕೇಡು ತಮ್ಮ ಮೈಮೇಲೆ ಬರಲಿ ಎನ್ನುವವರಂತೂ ಯಾರೂ ಉಳಿದಿಲ್ಲ.

ಜನವರಿಯಲ್ಲಿ ನಾನು ಬೋರ್ಡಿಂಗಿಗೆ ಹೊರಟ ಬೆಳಿಗ್ಗೆ, ಅಪ್ಪ ಟ್ರಂಕ್ ಹೊರಿಸಿಕೊಂಡು ಮುಂದೆ ಹೋಗಿದ್ದರು. ಅಜ್ಜಿ ಬೇಲಿಯವರೆಗೆ ಬಂದಳು. ನಾನು ಕಾಲಿಗೆ ಬಿದ್ದೆ. ಎಬ್ಬಿಸಿ, ಅಷ್ಟು ದಿನದ ಮೇಲೆ ಮಾತಾಡಿದಳು.

"ಸಾವ್‌ನ ಕರ್ದಾಗುಟ್ಟು. ಯಾರಾರ್ ಒಬ್ಬರ್ ಹೋಗ್ಲೇ ಬೇಕಲ್ಲಾ. ಅದ್ ನಾನೇಂತ ದೇವರಿಗೆ ಹೇಳಿಟ್ಟೊಳೆ. ನೀ ಹೆದ್ರುಬೇಡ, ಓದ್."

ಸಂತೆಗೆ ಹೋಗಿಬರುತ್ತೇನೆ ಎನ್ನುವವಳ ದನಿ. ಈಸ್ಟರ್ ರಜೆಗೆ ಮೊದಲೇ ಅವಳು ತೀರಿಕೊಂಡಳು. ಆ ಬೆಳಿಗ್ಗೆ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದಾಗ ಅವಳು ಬೇಲಿಯ ಬಳಿ ಇರಲಿಲ್ಲ. ಅಂಗಳದಲ್ಲಿ ಹರವಿದ ಭತ್ತಕ್ಕೆ ಕೋಳಿಗಳು ಬಿದ್ದಿದ್ದವು. ಸೆರಗು ಬೀಸುತ್ತ ಅವನ್ನು ಅಟ್ಟುತ್ತಿದ್ದಳು.