ಅಕ್ಕಿ ಡಬ್ಬಿಯಲ್ಲಿದ್ದ ಬೀಗದ ಕೈ

ಮನೆ ಮಾರಲು ವಿಡಿಯೊ ಮಾಡುವಾಗ ನನ್ನಷ್ಟು ಹುಷಾರಾಗಿದ್ದವರು ಕಾಶಿಯ ಕೇದಾರ ಘಾಟಿನ ಗಲ್ಲಿಗಳಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಮುಂಬಾಗಿಲ ಬೀಗ ಕಾಣದಂತೆ ತೋರಣವನ್ನು ಉದ್ದಕ್ಕೆ ಇಳಿಬಿಟ್ಟೆ. ಮನೆ ನಂಬರಿನ ತಗಡಿನ ಮೇಲೆ ಟವೆಲು ಹಾಕಿದೆ. ಯಾವ ದಿನ ಯಾರ ಶ್ರಾದ್ಧ, ಯಜಮಾನರು ಎಷ್ಟು ಹೊತ್ತಿಗೆ ಘಾಟಿಗೆ ಇಳಿಯಬೇಕು ಎಂದೆಲ್ಲ ಬರೆದಿದ್ದ ಕ್ಯಾಲೆಂಡರನ್ನು ಹಾಸಿಗೆಯಡಿ ತುರುಕಿದೆ. ದೇವರ ಮುಂದಿನ ಬೆಳ್ಳಿ ಪಾತ್ರೆಗಳು ಕಪಾಟು ಸೇರಿದವು. ಮೊಬೈಲು ಹಿಡಿದು ನಿಂತಿದ್ದ ಮಗಳು, "ಅಮ್ಮ, ನಾವು ಮನೆ ಮಾರ್ತಿದೀವಾ, ಛುಪಾಯಿಸ್ತಿದೀವಾ?" ಎಂದು ನಕ್ಕಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಬಚ್ಚಿಡುವುದಕ್ಕೂ ಹಿಂದಿ ಬೆರೆಸುವ ಕನ್ನಡ ಅವಳದು.

"ನೀನು ಸುಮ್ನೆ ತೆಗಿ," ಎಂದು ಗದರಿದೆ. ನನಗೆ ಮೊದಲಿನಿಂದಲೂ ಅನುಮಾನ ಜಾಸ್ತಿ. ಮನೆ ನೋಡಲು ಬರುವವರಲ್ಲಿ ಯಾರು ಕೊಳ್ಳುವವರು, ಯಾರು ಹೊಂಚು ಹಾಕುವವರು ಎಂದು ಮುಖ ನೋಡಿ ಹೇಳಲಾಗುತ್ತದೆಯೇ?

ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಕರ್ಮಾಂತರ ಮಾಡಿಸುವುದು ಯಜಮಾನರ ಮನೆತನದ ಕೆಲಸ. ನಾನು ಮೈಸೂರಿನ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದವಳು. ಮನೆಯ ಮೆಟ್ಟಿಲುಗಳು ಕಡಿದಾದವು, ಎತ್ತರದವು. ಯಜಮಾನರ ಮಂಡಿಗಳು ಈಗ ಅವನ್ನು ಹತ್ತಲು ಒಪ್ಪುತ್ತಿಲ್ಲ. ಇದನ್ನು ಮಾರಿ ಊರಿನ ಲಂಕಾ ಬಡಾವಣೆಯ ಆಚೆ ನೆಲಮಹಡಿಯ ಮನೆಯೊಂದನ್ನು ಕೊಳ್ಳುವುದೆಂದು ತೀರ್ಮಾನವಾಗಿತ್ತು.

ಹಿಂದಿನ ಓಣಿಗೆ ತೆರೆಯುವ ಬಾಗಿಲ ಪಕ್ಕ, ಹೊರಗೋಡೆಯಲ್ಲಿ ಒಂದು ಗೂಡಿದೆ. ಅದಕ್ಕೊಂದು ಮರದ ಬಾಗಿಲು, ಬೀಗ. ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲವಾದ್ದರಿಂದ, ಬರಲು ತಡವಾಗುವ ಮಕ್ಕಳಿಗಾಗಿ ಅಲ್ಲಿ ಇಟ್ಟು ಕಾಯುವುದು ಈ ಮನೆಯ ಪದ್ಧತಿ. ಆಗ ಅದರಲ್ಲಿ ಒಬ್ಬ ಮೇಷ್ಟ್ರಿದ್ದರು. ತಮ್ಮನ ಜೊತೆ ಕಾಶಿಗೆ ಬಂದವರು ಯಾತ್ರಿಕರಿಗೆಂದು ಕೊಡುವ ನಮ್ಮ ಕೋಣೆಯಲ್ಲೇ ತೀರಿಕೊಂಡರು. ಮಣಿಕರ್ಣಿಕಾದಲ್ಲಿ ದಹನವಾಯಿತು. ಜೊತೆಗಿದ್ದ ತಮ್ಮನವರೇ ಅಸ್ಥಿಯನ್ನು ಗಂಗೆಗೆ ಬಿಟ್ಟರು. ಆದರೆ ಮೇಷ್ಟ್ರ ಒಬ್ಬಳೇ ಮಗಳು ಆಗ ತುಂಬು ಬಸುರಿ. ಫೋನಿನಲ್ಲಿ ಅಳುತ್ತಾ, "ಒಂದು ಹಿಡಿಯಾದ್ರೂ ಇಟ್ಟಿರಿ, ನನ್ನ ಕೈಯಾರೆ ಬಿಡ್ತೀನಿ," ಎಂದಳು. ಆ ಒಂದು ಹಿಡಿ ತಾಮ್ರದ ಚೊಂಬಿನಲ್ಲಿ, ಕೆಂಪು ಬಟ್ಟೆ ಕಟ್ಟಿಸಿಕೊಂಡು ಕಾಯುತ್ತಿತ್ತು. ಪ್ರತಿ ಸೋಮವಾರ ಅವಳ ಫೋನು ಬರುತ್ತಿತ್ತು. "ಅಮ್ಮ, ಅಪ್ಪ ಇದ್ದಾರಾ?" ಎಂದು ಕೇಳುತ್ತಿದ್ದಳು. "ಇದ್ದಾರಮ್ಮ, ಜೋಪಾನವಾಗಿದ್ದಾರೆ," ಎನ್ನುತ್ತಿದ್ದೆ. ಅಷ್ಟು ಕೇಳಿದರೆ ಅವಳಿಗೆ ವಾರ ಕಳೆಯುತ್ತಿತ್ತು.

ಈ ಊರಿನಲ್ಲಿ ನಮಗೊಂದು ಚಟ ಅಂಟಿಕೊಂಡಿದೆ. ಗುಟ್ಟನ್ನು ಗಟ್ಟಿಯಾಗಿ ಹೇಳುವುದು. ತರಕಾರಿಯವನ ಎದುರೇ ಅವನ ಬದನೆಕಾಯಿ ಹುಳುಕೆನ್ನುತ್ತೇವೆ. ನೆಂಟರ ಸೀರೆಯನ್ನು ರಿಕ್ಷಾದಲ್ಲಿ ಕೂತು ಆಡಿಕೊಳ್ಳುತ್ತೇವೆ. ಕನ್ನಡ ನಮ್ಮ ಪಾಲಿಗೆ ಬಾಗಿಲು ಹಾಕಿಕೊಂಡ ಕೋಣೆಯಿದ್ದಂತೆ. ವಿಡಿಯೊದಲ್ಲೂ ಹಾಗೆಯೇ ಆಯಿತು. ಗಾಳಿ, ಬೆಳಕು, ಗಂಗೆ ಕಾಣುವ ಕಿಟಕಿ ಎಲ್ಲವನ್ನೂ ಹಿಂದಿಯಲ್ಲಿ ಹೊಗಳುತ್ತಾ ಹಿಂಬಾಗಿಲಿಗೆ ಬಂದೆ. ಮಗಳು ಗೂಡಿನ ಕಡೆ ಮೊಬೈಲು ತಿರುಗಿಸಿದಳು. ನಾನು ಕನ್ನಡಕ್ಕೆ ಹೊರಳಿದೆ.

"ಅಯ್ಯೋ, ಆ ಗೂಡು ತೋರಿಸ್ಬೇಡ್ವೇ! ಅದ್ರೊಳಗೆ ಏನಿದೆ ಅಂತ ಗೊತ್ತಾದ್ರೆ ಕಥೆ ಮುಗೀತು. ಬೀಗದ ಕೈ ಅಕ್ಕಿ ಡಬ್ಬೀಲೇ ಇರ್ಲಿ. ಈ ಬಾಗ್ಲೂ ಬೇಡ, ಚಿಲಕ ಎತ್ತಿ ತಳ್ಳಿದ್ರೆ ಹೊರಗಿಂದಾನೇ ತೆಗೆಯುತ್ತೆ. ಮತ್ತೆ ಬೆಳಗ್ಗೆ ಹತ್ತರ ಒಳಗೆ ಯಾರೂ ಬರ್ಬಾರ್ದು ಅಂತ ಬರಿ, ಮನೇಲಿ ಒಬ್ರೂ ಇರಲ್ಲ."

ವಿಡಿಯೊವನ್ನು ಇಂಟರ್ನೆಟ್ಟಿಗೆ ಹಾಕಿ ದಲ್ಲಾಳಿಗೂ ಕಳಿಸುವ ಮುಂಚೆ ಮಗಳು ಒಮ್ಮೆ ಕೇಳಿದ್ದಳು: "ಅಮ್ಮ, ನಿನ್ನ ಕನ್ನಡ ಕಾಟ್ ಮಾಡ್ಲಾ?"

"ಇರ್ಲಿ ಬಿಡು, ಇಲ್ಲಿ ಯಾರಿಗೆ ತಿಳಿಯುತ್ತೆ," ಎಂದೆ. ತೋರಣ ಇಳಿಬಿಟ್ಟವಳು ನಾನೇ, ಈ ಮಾತು ಹೇಳಿದವಳೂ ನಾನೇ.

ಮೂರನೆಯ ದಿನ ಸೋಮವಾರ. ಮನೆಯ ಕಾಗದಪತ್ರಗಳ ಜೆರಾಕ್ಸ್ ಮಾಡಿಸಲು ಬೆಳಗ್ಗೆಯೇ ಲಂಕಾಕ್ಕೆ ಹೋಗಿದ್ದೆ. ಯಜಮಾನರು ಘಾಟಿನಲ್ಲಿ, ಮಗಳು ಕಾಲೇಜಿನಲ್ಲಿ. ಯಂತ್ರದಿಂದ ಹಾಳೆಗಳು ಬೆಚ್ಚಗೆ ಬೀಳುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನು ಬಂತು.

"ಅಕ್ಕಾರ, ಕೇದಾರ ಘಾಟಿನ ಮನಿ ಮಾರಾಕ ಹಚ್ಚೀರಲ್ರಿ, ನಿಮ್ಮ ವಿಡಿಯೊ ನೋಡಿದ್ನಿರಿ. ನಾ ಧಾರವಾಡ ಕಡಿಯಾಕಿ, ಇಲ್ಲೇ ದವಾಖಾನ್ಯಾಗ ನರ್ಸ್ ಅದೇನ್ರಿ."

ಕನ್ನಡದ ದನಿ ಕೇಳಿ ಖುಷಿಯೇ ಆಯಿತು. "ಮನೆ ಬೇಕಿತ್ತೇನಮ್ಮ?" ಎಂದೆ.

"ಮನಿ ಮಾತು ಆಮ್ಯಾಲ್ರಿ. ಆ ಅಕ್ಕಿ ಡಬ್ಬ್ಯಾಗಿನ ಕೀಲಿ ಮೊದ್ಲ ತಗದು ಬ್ಯಾರೆ ಕಡೆ ಇಡ್ರಿ. ಇಲ್ಲೆ ಕನ್ನಡ ತಿಳಿಯೋ ಮಂದಿ ಭಾಳ ಅದೇವ್ರಿ. ಗೂಡಿನ್ಯಾಗ ಬಂಗಾರ ಐತಿ ಅಂತನ ತಿಳ್ಕೊಂತಾರ ಯಾರ ಕೇಳಿದ್ರೂ."

ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಮಗಳಿಗೆ ಫೋನು ಮಾಡಿ, "ಮೊದಲು ಆ ವಿಡಿಯೊ ತೆಗೆದುಹಾಕು," ಎಂದು ಕೂಗಿದೆ. ಅಂಗಡಿಯವರೆಲ್ಲ ತಿರುಗಿ ನೋಡಿದರು. ಅವಳು ತೆಗೆದಳು, ಆದರೆ ದಲ್ಲಾಳಿ ಆಗಲೇ ಅದನ್ನು ಹತ್ತು ಕಡೆ ಕಳಿಸಿಯಾಗಿತ್ತು. ಸಿಕ್ಕ ಟೋಟೋ ರಿಕ್ಷಾ ಹತ್ತಿದೆ. ಅದು ನಿಂತಲ್ಲೇ ನಿಂತಿತು. "ಜಾಮ್ ಬಾ ಮಾತಾಜಿ, ಕಾ ಕರೀಂ?" ಎಂದ ಡ್ರೈವರ್, ದಾರಿ ಕಟ್ಟಿದೆ, ನಾನೇನು ಮಾಡಲಿ ಎಂಬಂತೆ. ಅವನೂ ಆ ವಿಡಿಯೊ ನೋಡಿರಬಹುದೇ ಎಂಬ ಹುಚ್ಚು ಅನುಮಾನ ಬಂತು. ಕಳ್ಳರು ಬೆಳ್ಳಿ ಒಯ್ದರೆ ಒಯ್ಯಲಿ. ಆದರೆ ಆ ಚೊಂಬಿನ ಬಟ್ಟೆ ಬಿಚ್ಚಿ, ಬಂಗಾರವಿಲ್ಲವೆಂದು ಸಿಟ್ಟಿನಿಂದ ಮೋರಿಗೆ ಸುರಿದುಬಿಟ್ಟರೆ? ಇವತ್ತು ಸೋಮವಾರ, ಮೇಷ್ಟ್ರ ಮಗಳು ಫೋನು ಮಾಡುತ್ತಾಳೆ. ಯಾವ ಬಾಯಿಂದ ಹೇಳಲಿ? ಅರ್ಧ ದಾರಿಯಲ್ಲೇ ಇಳಿದು ನಡೆದೆ, ನಡೆದೆನೆಂದರೆ ಓಡಿದೆ. ಗಲ್ಲಿಯಲ್ಲಿ ಅಡ್ಡ ನಿಂತ ಹೋರಿಯನ್ನು ಕಾಗದದ ಕಟ್ಟಿನಿಂದಲೇ ತಳ್ಳಿ ಮುಂದೆ ಹೋದೆ.

ಹಿಂಬಾಗಿಲು ಒಂದಿಷ್ಟು ಸರಿದಿತ್ತು. ಗೂಡಿಗೆ ಬೀಗ ಹಾಕಿತ್ತು, ಆದರೆ ಬೀಗ ಇದ್ದ ಮಾತ್ರಕ್ಕೆ ಏನಾಯಿತು? ಒಳಗೆ ಹೋಗಿ ಅಕ್ಕಿ ಡಬ್ಬಿಗೆ ಮೊಣಕೈವರೆಗೆ ಕೈ ಹಾಕಿದೆ. ಸಿಗಲಿಲ್ಲ. ಕಂಕುಳಲ್ಲಿದ್ದ ಕಾಗದಗಳನ್ನು ನೆಲಕ್ಕೆ ಬಿಟ್ಟು ಡಬ್ಬಿಯನ್ನೇ ಬೋರಲು ಹಾಕಿದೆ. ಕೊನೆಗೆ ಅಕ್ಕಿಯ ಜೊತೆ ಬೀಗದ ಕೈ ಠಣ್ ಎಂದು ಬಿತ್ತು. ಗೂಡು ತೆಗೆದೆ. ಮೇಷ್ಟ್ರು ಇದ್ದರು. ಬಟ್ಟೆಯ ಗಂಟು ಯಜಮಾನರು ಹಾಕಿದ್ದೇ ಹೌದೇ ಎಂದು ಮೂರು ಸಲ ನೋಡಿದೆ. ಬಾಗಿಲು ಬಹುಶಃ ನಾನೇ ಬೆಳಗ್ಗೆ ಸರಿಯಾಗಿ ಎಳೆಯದೆ ಹೋಗಿದ್ದೆ. ಓಣಿಯಲ್ಲೇ ಗೂಡಿನ ಮುಂದೆ ಕೂತೆ.

ಆಗಲೇ ಫೋನು ಬಂತು.

"ಅಮ್ಮ, ಅಪ್ಪ ಇದ್ದಾರಾ?"

ಇದ್ದಾರೆ ಎಂದರೆ ಮುಗಿಯುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅಳು ಬಂತು, ಎಲ್ಲವನ್ನೂ ಹೇಳಿಬಿಟ್ಟೆ. ವಿಡಿಯೊ, ಬೀಗದ ಕೈ, ಧಾರವಾಡದ ಹುಡುಗಿ, ಯಾವುದನ್ನೂ ಬಿಡಲಿಲ್ಲ. ಆ ಕಡೆ ಅವಳ ಎಳೆಯ ಮಗುವಿನ ಸದ್ದು ಕೇಳುತ್ತಿತ್ತು. ಬೈಯಲಿ ಎಂದು ಕಾದೆ. ಅವಳು ಕಳ್ಳರ ಮಾತೇ ಎತ್ತಲಿಲ್ಲ.

"ಮನೆ ಮಾರ್ತಿದೀರಾ ಅಮ್ಮ?" ಎಂದಳು. "ಹಾಗಾದ್ರೆ ಅಪ್ಪ ಎಲ್ಲಿರ್ತಾರೆ?"

ನಾಚಿಕೆಯಿಂದ ಹಿಡಿಯಷ್ಟಾದೆ. ಊರಿಗೆಲ್ಲ ಸಾರಿದ್ದ ವಿಷಯವನ್ನು ಇವಳೊಬ್ಬಳಿಗೆ ಹೇಳಬೇಕೆಂದು ನನಗೆ ತೋಚಿರಲೇ ಇಲ್ಲ. ಲಂಕಾದ ಆಚೆ ನಾವು ನೋಡಿಟ್ಟ ಮನೆಗೆ ಹಿತ್ತಲ ಗೋಡೆಯೂ ಇಲ್ಲ, ಗೂಡೂ ಇಲ್ಲ.

"ಇಲ್ಲೇ ಇರ್ತಾರೆ ಕಣಮ್ಮ," ಎಂದೆ. "ಮಗು ಗಟ್ಟಿಯಾಗ್ಲಿ, ನಿಧಾನವಾಗಿ ಬಾ. ನೀನು ಬರೋವರೆಗೂ ಈ ಮನೆ ಮಾರಲ್ಲ."

ಫೋನಿಟ್ಟು ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಒಳಗೆ ಜೆರಾಕ್ಸ್ ಹಾಳೆಗಳ ಮೇಲೆಲ್ಲ ಅಕ್ಕಿ ಚೆಲ್ಲಿತ್ತು. ಘಾಟಿನಿಂದ ಯಜಮಾನರು ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿಸುತ್ತಿತ್ತು, ಒಂದೊಂದು ಮೆಟ್ಟಿಲಿಗೂ ನಿಂತು, ಉಸ್ಸೆಂದು, ಮತ್ತೆ ಒಂದು ಮೆಟ್ಟಿಲು. ಅವರನ್ನು ಒಂದು ಮಾತೂ ಕೇಳದೆ ನಾನು ಮಾತು ಕೊಟ್ಟುಬಿಟ್ಟಿದ್ದೆ.