ಮಹದೇವಮ್ಮನ ಬಲಗೈ

ಕಂಪ್ಯೂಟರ್ ಮುಂದೆ ಕೂತರೆ ಮಹದೇವಮ್ಮನ ಬಲಗೈ ಸುಮ್ಮನಿರುತ್ತಿರಲಿಲ್ಲ. ಪರದೆಯ ಮೇಲೆ ಯಾವುದೋ ದೇಶದ ಗಾರೆಯವನು ಇಟ್ಟಿಗೆ ಇಡುತ್ತಿದ್ದರೆ, ಈಕೆಯ ಮಣಿಕಟ್ಟು ಕರಣೆ ಹಿಡಿದಂತೆ ಗಾಳಿಯಲ್ಲೇ ಹೊರಳುತ್ತಿತ್ತು. ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ನಂಜನಗೂಡಿನಲ್ಲಿ ನನ್ನದೊಂದು ಸೈಬರ್ ಸೆಂಟರ್ ಇತ್ತು. ವಿಡಿಯೊ ನಿಂತು ನಿಂತು ಓಡುತ್ತಿತ್ತು. ಇಂಗ್ಲಿಷ್ ಮಾತನ್ನು ಕನ್ನಡದಲ್ಲಿ ಹೇಳಲು ಹೋದರೆ ನನ್ನನ್ನೇ ತಡೆಯುತ್ತಿದ್ದಳು: "ಮಾತು ಬ್ಯಾಡಿ ಸಾ. ಅವ್ನ ಕೈ ನೋಡ್ಬೇಕು."

ಹದಿನಾರಿನವಳು. ಸೆಂಟರಿನ ಪಕ್ಕ ಏಳುತ್ತಿದ್ದ ಮನೆಗೆ ಗಾರೆ ಹೊರುವ ಆಳು. ನಮ್ಮ ಕಡೆ ಹೆಂಗಸು ಬಾಂಡಲಿ ಹೊತ್ತು ಮುದುಕಿಯಾಗಬಹುದು, ಕರಣೆ ಹಿಡಿಯುವಂತಿಲ್ಲ. ತಿ. ನರಸೀಪುರದ ಮೇಸ್ತ್ರಿ ಚಿಕ್ಕಣ್ಣ ಮಾತ್ರ ದಿನದ ಕೆಲಸ ಮುಗಿದ ಮೇಲೆ ತನ್ನ ಕರಣೆಯನ್ನೇ ಆಕೆಗೆ ಕೊಟ್ಟು, ಆ ಮನೆಯ ಹಿತ್ತಲಲ್ಲಿ ಗೋಡೆ ಕಟ್ಟಿಸಿ ಕೆಡವಿಸುತ್ತಿದ್ದ.

ಒಂದು ಸಂಜೆ ವಿಡಿಯೊದಲ್ಲಿ ಕಂಡಂತೆಯೇ ಒಣ ಇಟ್ಟಿಗೆಗೆ ಗಾರೆ ಮೆತ್ತಿ ಮೊಣಕಾಲೆತ್ತರ ಕಟ್ಟಿದಳು. ಸಾಲು ನೇರವಾಗಿತ್ತು. ಮರುದಿನ ಚಿಕ್ಕಣ್ಣ ಮೇಲಿನ ಇಟ್ಟಿಗೆ ಹಿಡಿದೆತ್ತಿದ. ಡಬ್ಬಿಯ ಮುಚ್ಚಳದಂತೆ ಕೈಗೆ ಬಂತು.

"ಆ ಕಂಪ್ಯೂಟರ್ ಇಟ್ಗೆಗೆ ಬಾಯಾರ್ಕೆ ಇಲ್ಲ ಕಣವ್ವ. ನಮ್ ಗೂಡಿನ ಇಟ್ಗೆಗೆ ಅದೆ. ನೀರು ಕುಡುಸ್ದೆ ಇಟ್ರೆ ಗಾರೆ ನೀರ್ನೆಲ್ಲ ಅದೇ ಕುಡ್ಕೊಬುಡ್ತದೆ."

ಆಕೆ ನಕ್ಕಳು. "ಆ ವಿಡಿಯೊದವ್ನು ಅಷ್ಟೊಂದ್ ಮಾತಾಡ್ತಾನೆ, ಇದೊಂದ್ನ ಏಳ್ನಿಲ್ವಲ್ಲಣ್ಣ."

ಅಂದಿನಿಂದ ಇಟ್ಟಿಗೆ ನೆನೆಸುವ ತೊಟ್ಟಿಯನ್ನು ತಾನೇ ತುಂಬುತ್ತಿದ್ದಳು. ವಿಡಿಯೊ ಬಿಡಲಿಲ್ಲ, ಗೋಡೆಯ ಮೂಲೆ ತಿರುಗಿಸುವುದನ್ನು ಅಲ್ಲಿಂದಲೇ ಕಲಿತಳು.

ಕೊನೆಗೆ ಚಿಕ್ಕಣ್ಣ ಆ ಮನೆಯ ಒಳಗಿನ ಅಡ್ಡಗೋಡೆಯೊಂದನ್ನು ಆಕೆಗೆ ಬಿಟ್ಟುಕೊಟ್ಟ. ಇದು ನಿಂತರೆ ಮುಂದಿನ ಮನೆಗೆ ಆಳಾಗಿ ಅಲ್ಲ, ಗಾರೆಯವಳಾಗಿ ಕರೆದೊಯ್ಯುತ್ತೇನೆ ಎಂದ. ಗೋಡೆ ನಿಂತಿತು. ನೆಟ್ಟಗಿದೆಯೇ ಎಂದು ಚಿಕ್ಕಣ್ಣ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿ, ಬೀಡಿ ಹಚ್ಚಿದ. ಮೆಚ್ಚಿದಾಗ ಅವನು ಮಾಡುತ್ತಿದ್ದುದು ಅಷ್ಟೇ.

ವಾರ ಕಳೆದು, ಕಟ್ಟಿದ್ದು ಯಾರೆಂದು ಮನೆಯ ಯಜಮಾನರಿಗೆ ತಿಳಿಯಿತು. ಗೋಡೆಯ ಆಚೆ ಬದಿ ದೇವರ ಕೋಣೆ. ಅವರು ಗೋಡೆಯತ್ತ ಕಣ್ಣೆತ್ತಲೂ ಇಲ್ಲ. "ಮುಟ್ಟಾಗೋಳ ಕೈಲಿ ದೇವರ ಮನೆ ಗೋಡೆ ಕಟ್ಸಿದ್ದೀಯಲ್ಲ, ಕೆಡವ್ಸು" ಎಂದರು. ಚಿಕ್ಕಣ್ಣ ತಲೆ ತಗ್ಗಿಸಿದ. ಆ ಮನೆಯ ಪ್ರತಿ ಇಟ್ಟಿಗೆಯೂ ಹೆಂಗಸರ ತಲೆಯ ಮೇಲೇ ಬಂದಿತ್ತು. ಅದಕ್ಕಿಲ್ಲದ ಮೈಲಿಗೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟ ಕೂಡಲೇ ಹೇಗೆ ಬಂತು? ಅವರನ್ನೇ ಕೇಳಿದೆ. "ನಿಮ್ ಕಂಪ್ಯೂಟರ್ ನೀವು ನೋಡ್ಕೊಳ್ಳಿ" ಎಂದರು.

ಸುತ್ತಿಗೆ ಬಿತ್ತು. ಇಟ್ಟಿಗೆ ಒಡೆಯಿತು, ಗಾರೆಯ ಸಂದು ಬಿಡಲಿಲ್ಲ. ಒಡೆದ ತುಂಡುಗಳು ಒಂದಕ್ಕೊಂದು ಅಂಟಿಕೊಂಡೇ ಉರುಳಿದವು. ನಾನು ನಿಂತು ನೋಡಿದ್ದೇನೆ. ಆ ತುಂಡುಗಳನ್ನು ಆಕೆಯ ತಲೆಯ ಮೇಲೇ ಹೊರಿಸಿ, ಅದೇ ದೇವರ ಕೋಣೆಯ ನೆಲಕ್ಕೆ ತುಂಬಿಸಿದರು. ಕೊನೆಯ ಬಾಂಡಲಿ ಸುರಿದು, ಆಕೆ ಯಜಮಾನರ ಮುಖ ನೋಡಿ ಮೆಲ್ಲಗೆ ಕೇಳಿದಳು:

"ಕಾಲಡೀಗಾದ್ರೆ ಮೈಲ್ಗೆ ಇಲ್ವಾ ಸಾ?"

ಆಕೆ ಮತ್ತೆ ಗಾರೆ ಕೆಲಸಕ್ಕೂ ಬರಲಿಲ್ಲ, ಸೆಂಟರಿಗೂ ಬರಲಿಲ್ಲ.

ಊರಿನ ಹತ್ತಿರದ ತಾಂಡ್ಯದ ಕಾರ್ಖಾನೆಯೊಂದಕ್ಕೆ ಸೇರಿದಳೆಂದು ಕೇಳಿದೆ. ಒಮ್ಮೆ ಬಸ್ಸಿನಲ್ಲಿ ಸಿಕ್ಕಳು. ಹೊಸ ವಿಡಿಯೊಗಳು ಬಂದಿವೆ, ಬಾರಮ್ಮ ಎಂದೆ.

"ಕೈ ಮರ್ತೋಗ್ಲಿ ಅಂತಿವ್ನಿ ಸಾ" ಎಂದು ಕಿಟಕಿಯ ಕಡೆ ತಿರುಗಿದಳು. ಹೊರಗೆ ಯಾರದೋ ಮನೆ ಏಳುತ್ತಿತ್ತು. ಆಕೆಯ ಬಲಗೈ ಮಡಿಲಲ್ಲಿತ್ತು. ಅದು ಅಲ್ಲಾಡದಂತೆ ಎಡಗೈಯಿಂದ ಅದುಮಿ ಹಿಡಿದಿದ್ದಳು.