ಬೆಂಕಿ ಆರಿಸುವ ಸಿಲಿಂಡರಿಗೆ ಚೆಂಡುಹೂವಿನ ಹಾರ

ಬೆಂಕಿ ಆರಿಸುವ ಸಿಲಿಂಡರಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಮಂಗಳಾರತಿ ಎತ್ತಿದ್ದನ್ನು ನೀವು ನೋಡಿದ್ದೀರಾ? ನಾನು ಈ ಸಲದ ಆಯುಧ ಪೂಜೆಯಲ್ಲಿ ನೋಡಿದೆ. ಒಂದಲ್ಲ, ಹತ್ತು.

ಜಾಗ ಬೆಂಗಳೂರು ಪಕ್ಕದ ಮಾದನಾಯಕನಹಳ್ಳಿ. ನನ್ನ ಅಕ್ಕನ ಗಂಡ ರಾಜಣ್ಣ ಭಾವನ ಗೋಡೌನು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ತಗಡಿನ ಚಾವಣಿ ಎದ್ದಿದೆ. ಒಳಗೆ ನಾವು ನೀವು ಆನ್‌ಲೈನಿನಲ್ಲಿ ಆರ್ಡರ್ ಮಾಡುವ ಮಿಕ್ಸಿ, ಚಪ್ಪಲಿ, ಬೆಡ್‌ಶೀಟು. ಎಲ್ಲವೂ ರಟ್ಟಿನ ಡಬ್ಬದಲ್ಲಿ, ಸೂರು ಮುಟ್ಟುವಷ್ಟು. ಹಿಂಬಾಗಿಲ ಮುಂದೆಯೂ ದೀಪಾವಳಿ ಸೇಲಿನ ಡಬ್ಬಗಳು ಅಡ್ಡ ನಿಂತಿದ್ದವು.

ಭಾವ ತುಂಬಾ ಒಳ್ಳೆಯವರು. (ಅಕ್ಕ ಈ ಅಂಕಣ ಓದುತ್ತಾಳೆ. ಹಾಗಾಗಿ ಮೊದಲೇ ಹೇಳಿಬಿಟ್ಟೆ.) ಆದರೆ ಪೂಜೆ ಎಂದರೆ ಅವರಿಗೆ ಕಟ್ಟುನಿಟ್ಟು. ಗೋಡೆಯ ಮೇಲಿದ್ದ ಸಿಲಿಂಡರುಗಳನ್ನೆಲ್ಲ ಇಳಿಸಿ, ಒರೆಸಿ, ಮುಂಬಾಗಿಲ ಹತ್ತಿರ ದೇವರ ಫೋಟೋ ಮುಂದೆ ಸಾಲಾಗಿ ಕೂರಿಸಿದ್ದರು. ಪಕ್ಕದಲ್ಲಿ ತೂಕದ ಯಂತ್ರ, ಟ್ರಾಲಿ, ಕತ್ತರಿ.

“ಗೋಡೆ ಮೇಲೇ ಕುಂಕುಮ ಇಟ್ಟಿದ್ರೆ ಆಗ್ತಿರಲಿಲ್ವಾ ಭಾವ?” ಎಂದೆ.

“ಆಯುಧ ಅಂದ್ಮೇಲೆ ಎಲ್ಲ ಒಂದೇ ಕಡೆ ಇರ್ಬೇಕು ಕಣಮ್ಮ. ನಾಳೆ ಪೂಜೆ ಮಾಡಿ ಕದಲಿಸೋ ಗಂಟ ಮುಟ್ಟಂಗಿಲ್ಲ.”

ಹೊಗೆ ಕಂಡರೆ ಕೂಗುವ ಅಲಾರಂ? ಅದನ್ನೂ ಆಫ್ ಮಾಡಿಸಿದ್ದರು. “ಓದ್ ವರ್ಷ ಸಾಂಬ್ರಾಣಿ ಹಾಕ್ತಿದ್ದಂಗೇ ಬಡ್ಕೊಂಡ್ಬಿಡ್ತು. ಪುರೋಹಿತ್ರು ಮಂತ್ರಾನೇ ಮರ್ತೋದ್ರು!”

ಈ ಸಲ ಮಂತ್ರ ಸರಾಗವಾಗಿ ನಡೆಯಿತು. ಪುರೋಹಿತರು ಗಡಿಯಾರ ನೋಡುತ್ತಲೇ ಇದ್ದರು. ಪೀಣ್ಯದಲ್ಲಿ ಇನ್ನೂ ಮೂರು ಫ್ಯಾಕ್ಟರಿ ಬಾಕಿ ಇತ್ತಂತೆ. ಭಾವ ನಿಗಿನಿಗಿ ಕೆಂಡದ ಧೂಪಾರತಿ ಹಿಡಿದು, ರಟ್ಟಿನ ಡಬ್ಬಗಳ ನಡುವೆ ಒಂದು ಸಾಲೂ ಬಿಡದೆ ಸುತ್ತಿ ಬಂದರು. ಕಿಡಿ ಎಲ್ಲಿ ಬಿತ್ತೋ ಯಾರೂ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಮೂರನೇ ಸಾಲಿನಿಂದ ಹೊಗೆ ಬರತೊಡಗಿತು. ನಾವೇನು ಮಾಡಿದೆವು ಹೇಳಿ? ಕೈ ಮುಗಿದೆವು. ಧೂಪ ಅಂದುಕೊಂಡು ಭಾವ ಎರಡೂ ಕೈಯಲ್ಲಿ ಹೊಗೆಯನ್ನು ಕಣ್ಣಿಗೊತ್ತಿಕೊಂಡರು. (ನಾನೂ ಒತ್ತಿಕೊಂಡೆ. ಸುಳ್ಳು ಯಾಕೆ ಹೇಳಲಿ?)

ಮೂಗು ಸರಿಯಾಗಿದ್ದದ್ದು ಶಾಂತವ್ವನಿಗೆ ಮಾತ್ರ. ಕೊಪ್ಪಳದ ಕಡೆಯಿಂದ ಬಂದು, ಅಲ್ಲೇ ಬಾಡಿಗೆ ರೂಮಿನಲ್ಲಿದ್ದುಕೊಂಡು ಪ್ಯಾಕಿಂಗ್ ಕೆಲಸ ಮಾಡುವ ಹೆಂಗಸು.

“ಇದು ಸಾಂಬ್ರಾಣಿ ವಾಸ್ನಿ ಅಲ್ರೀ ಸಾವ್ಕಾರ್ರ, ರಟ್ಟು ಸುಟ್ಟ ವಾಸ್ನಿ ಐತಿ!” ಎಂದವರು ಮರುಕ್ಷಣ ಚೀರಿದರು. “ನನ್ನ ಮಗಳು ಒಳಗ ಅದಾಳ್ರೀ!”

ಮಗಳು ರೇಣುಕಾ ಕೂಡ ಅಲ್ಲೇ ಪ್ಯಾಕಿಂಗ್ ಮಾಡುವವಳು. ಹಿಂದಿನ ಟೇಬಲ್ಲಿಗೆ ಹೂವಿಡಲು ಹೋಗಿದ್ದಳು. ಹಿಂಬಾಗಿಲಿಗೆ ಡಬ್ಬ ಅಡ್ಡ. ಮುಂದೆ ಬರಬೇಕೆಂದರೆ ಮೂರನೇ ಸಾಲು ದಾಟಬೇಕು. ಅಲ್ಲಿ ಆಗಲೇ ಬೆಂಕಿ ಮೇಲಿನ ಡಬ್ಬ ನೆಕ್ಕುತ್ತಿತ್ತು.

ಭಾವ ಸಿಲಿಂಡರಿನ ಹತ್ತಿರ ಓಡಿದರು. ಕೈ ಚಾಚಿದರು. ನಿಂತರು. ಪುರೋಹಿತರ ಕಡೆ ತಿರುಗಿ ಕೇಳಿದರು: “ಸ್ವಾಮಿ, ಕದಲಿಸ್ಬೋದಾ?”

ಶಾಂತವ್ವ ಉತ್ತರಕ್ಕೆ ಕಾಯಲಿಲ್ಲ. ಹಾರ ಕಿತ್ತೆಸೆದು, ಪಿನ್ನು ಎಳೆದು, ಸಿಲಿಂಡರ್ ಎತ್ತಿಕೊಂಡು ನುಗ್ಗಿದರು. “ರೇಣುಕಾ, ಬಗ್ಗಿ ಬಾರವ್ವ! ಬಾಯಿಗೆ ಸೆರಗು ಹಿಡಿ!” ಬೆಂಕಿಯ ಬುಡಕ್ಕೇ ಗುರಿಯಿಟ್ಟು ಹೊಡೆದರು. ಒಂದು ಖಾಲಿಯಾದಾಗ ಇನ್ನೊಂದು. ಬೆಂಕಿ ಆರಿತು. ಬಿಳಿ ಪುಡಿಯಲ್ಲಿ ಮಿಂದು, ಕೆಮ್ಮುತ್ತಾ ರೇಣುಕಾ ಹೊರಗೆ ಬಂದಳು. ತಾಯಿ ಅವಳ ಬೆನ್ನಿಗೆ ಎರಡೇಟು ಹಾಕಿ, ತಬ್ಬಿಕೊಂಡು ಅತ್ತರು. ನಾನೂ ಅತ್ತೆ.

ಶಾಂತವ್ವ ಇದನ್ನೆಲ್ಲ ಕಲಿತದ್ದೆಲ್ಲಿ? ಮಾಲು ಕಳಿಸುವ ಕಂಪನಿಯವರು ಹಿಂದೆ ಬೆಂಕಿ ಆರಿಸುವುದರ ಬಗ್ಗೆ ಅರ್ಧ ದಿನದ ಟ್ರೇನಿಂಗ್ ಇಟ್ಟಿದ್ದರಂತೆ. “ನಂಗ್ ಗೊತ್ತಿಲ್ದೇ ಇರೋದಾ?” ಎಂದು ಭಾವ ಆಫೀಸಿನಲ್ಲೇ ಕೂತು, ಹಾಜರಿ ತುಂಬಲು ಪ್ಯಾಕಿಂಗ್ ಹೆಂಗಸರನ್ನು ಕಳಿಸಿದ್ದರಂತೆ. ಅವರ ಸೋಮಾರಿತನಕ್ಕೆ ಅವತ್ತು ನಾನು ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿದೆ.

ಭಾವನನ್ನು ನೋಡಿ ನಗುವಷ್ಟು ದೊಡ್ಡವರೇನಲ್ಲ ನಾವು. ನಿಮ್ಮ ಮನೆಯ ಗ್ಯಾಸ್ ಪೈಪು ಬದಲಿಸಿ ಎಷ್ಟು ವರ್ಷವಾಯಿತು? ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಯಾರ ಹಳೇ ಸೋಫಾ ಇದೆ? ನಮ್ಮ ಮೆಟ್ಟಿಲ ಮೇಲಿರುವುದು ನಮ್ಮದೇ. ಈ ವಾರ ತೆಗೆಸಿದೆ.

ಭಾವನೂ ಬದಲಾಗಿದ್ದಾರೆ. ನಿನ್ನೆ ಫೋನ್ ಮಾಡಿದ್ದರು. “ಅಲಾರಂ ಆನ್ ಮಾಡ್ಸಿದೀನಿ ಕಣಮ್ಮ. ಸಿಲಿಂಡರ್ ಗೋಡೆಗೆ ಓಯ್ತು. ಹಿಂದ್ಗಡೆ ಬಾಗ್ಲು ಪೂರ್ತಿ ಖಾಲಿ, ಒಂದು ಡಬ್ಬಾನೂ ಇಲ್ಲ.” ನನಗೆ ಖುಷಿಯಾಯಿತು.

“ಬಾಗಿಲಿಗೆ ಬೀಗ ಇಲ್ಲ ತಾನೇ?”

“ಬೀಗ ಆಕ್ದೆ ಇರಕಾಯ್ತದಾ? ಮಾಲು ಓಯ್ತದೆ. ಕೀ ಬುಡು, ಜೋಪಾನವಾಗಿ ನನ್ ಜೇಬಲ್ಲೇ ಐತೆ.”

“ಈಗ ಗೋಡೌನಲ್ಲೇ ಇದೀರಾ?”

“ಇಲ್ಲಮ್ಮ, ತಿರುಪತಿ ಬಸ್ಸಲ್ಲಿದೀನಿ. ದೇವ್ರು ಕಾಪಾಡಿದ್ನಲ್ಲ, ಮುಡಿ ಕೊಟ್ಟು ಬರಾಣ ಅಂತ.”

ಹೋಗಿ ಬನ್ನಿ ಭಾವ, ನೀವು ವಾಪಸು ಬರುವವರೆಗೆ ರೇಣುಕಾ ಯಾವ ಬಾಗಿಲಿಂದ ಓಡಬೇಕು?